ಮುಕ್ಕಾಲು ಇಂಚಿನ ಮನೆಗಳು: ಕ್ಯಾಟ್ಸ್ ಮಿಯಾವ್ ಮರದ ಮನೆಗಳ ಬಗ್ಗೆ ಒಬ್ಬ ಸ್ಕ್ರೀನ್ ಪ್ರಿಂಟರ್ ಕಂಡಿದ್ದು

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಮಗಳು ನಮ್ಮಿಬ್ಬರನ್ನೂ ಒಂದು ಎಸ್ಟೇಟ್ ಸೇಲಿಗೆ ಕರೆದುಕೊಂಡು ಹೋದಳು. ಅವಳ ಮನೆ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನ ಹತ್ತಿರ. ಎಸ್ಟೇಟ್ ಸೇಲ್ ಅಂದರೆ, ವಯಸ್ಸಾದವರು ತೀರಿಕೊಂಡಾಗಲೋ, ಮನೆ ಖಾಲಿ ಮಾಡಿ ಮಕ್ಕಳ ಹತ್ತಿರ ಹೋದಾಗಲೋ, ಸಾಮಾನನ್ನೆಲ್ಲ ಇದ್ದಲ್ಲೇ ಇಟ್ಟು, ಒಂದೊಂದಕ್ಕೂ ಬೆಲೆಯ ಚೀಟಿ ಅಂಟಿಸಿ ಮಾರುತ್ತಾರೆ. ಸೌಟಿನಿಂದ ಹಿಡಿದು ಮಂಚದವರೆಗೆ ಎಲ್ಲವೂ ಇರುತ್ತದೆ. ನಮ್ಮ ಮನೆಯವರು ಅಡುಗೆಮನೆಯಲ್ಲಿ ಕಬ್ಬಿಣದ ಬಾಣಲೆ ನೋಡುತ್ತಿದ್ದರು. ನಾನು ಹಾಲಿನಲ್ಲಿ ಸುಮ್ನೆ ನಿಂತಿದ್ದೆ. ಬಾಗಿಲಿನ ಮೇಲೆ ಒಂದು ಮರದ ಪಟ್ಟಿ, ಅದರ ಮೇಲೆ ಸಾಲಾಗಿ ಪುಟ್ಟ ಪುಟ್ಟ ಮನೆಗಳು.

ಒಂದನ್ನು ಕೈಗೆ ತೆಗೆದುಕೊಂಡೆ. ಗುಲಾಬಿ ಬಣ್ಣದ ಮನೆ, ಮುಂದೆ ಬಿಳಿ ಕಂಬಗಳು. ಅಂಗೈ ಅಗಲದ ಮರದ ತುಂಡು, ಮುಕ್ಕಾಲು ಇಂಚು ದಪ್ಪ. ಮನೆಯ ಆಕಾರಕ್ಕೇ ಗರಗಸ ಆಡಿಸಿ ಕತ್ತರಿಸಿದ್ದರು, ಚಿಮಣಿ ಸಮೇತ. ಮುಂಭಾಗ ಪೂರ್ತಿ ಸ್ಕ್ರೀನ್ ಪ್ರಿಂಟ್. ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬೆರಳು ಆಡಿಸಿದರೆ ಇಂಕಿನ ದಪ್ಪ ತಗಲುತ್ತಿತ್ತು. ಆಫ್‌ಸೆಟ್ಟಿನಲ್ಲಾಗಲಿ, ಈಗಿನ ಡಿಜಿಟಲ್ಲಿನಲ್ಲಾಗಲಿ ಸಾಮಾನ್ಯವಾಗಿ ಆ ದಪ್ಪ ಬರುವುದಿಲ್ಲ.

ದಾವಣಗೆರೆಯಲ್ಲಿ 31 ವರ್ಷ ನಾನು ಮಾಡಿದ ಕೆಲಸ ಇದೇ. ಮದುವೆ ಕಾರ್ಡು, ಬಟ್ಟೆ ಅಂಗಡಿಯ ಕೈಚೀಲ, ಗಣಪತಿ ಸಮಿತಿಯ ಬ್ಯಾನರು, ಆಟೋ ಹಿಂದಿನ ಸ್ಟಿಕರು, ಎಲ್ಲ ಕೈಯಲ್ಲೇ. ಮರದ ಚೌಕಟ್ಟಿಗೆ ನೈಲಾನ್ ಬಟ್ಟೆ ಬಿಗಿದು, ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಮಾಡಿ, ಇಂಕನ್ನು ಅದರೊಳಗಿಂದ ತಳ್ಳುವ ಸ್ಕ್ವೀಜಿ (ರಬ್ಬರ್ ಪಟ್ಟಿ) ಎಳೆದು ಎಳೆದು ನನ್ನ ಬಲಗೈ ಮಣಿಕಟ್ಟು ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ. ಹಾಗಾಗಿ ಈ ಮನೆಗಳನ್ನು ನಾನು ಬೇರೆಯವರ ಹಾಗೆ ನೋಡಲಾರೆ. ಮೊದಲು ಕೆಲಸ ನೋಡುತ್ತೇನೆ, ಆಮೇಲೆ ಮನೆ.

ಪಟ್ಟಿಯ ಮೇಲೆ ಹನ್ನೊಂದು ಇದ್ದವು. ಒಂದಕ್ಕೆ 2 ಡಾಲರ್. ಅಷ್ಟೂ ತಂದೆ.

ಇವುಗಳ ಹೆಸರು ಕ್ಯಾಟ್ಸ್ ಮಿಯಾವ್ ವಿಲೇಜ್. ಇದೇ ಓಹಾಯೋದ ವೂಸ್ಟರ್ ಅನ್ನುವ ಊರಿನ ಕೆಲಸ. ಮಗಳ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಫೇಲಿನ್ ಜೋನ್ಸ್ ಅನ್ನುವ ಹೆಣ್ಣುಮಗಳು 1982ರಲ್ಲಿ ಶುರು ಮಾಡಿದ್ದು. ಅಮೆರಿಕದ ಇಂಗ್ಲಿಷಿನಲ್ಲಿ 'ಬೆಕ್ಕಿನ ಮಿಯಾವ್' ಅಂದರೆ ಭಲೇ, ಬೊಂಬಾಟ್ ಅಂತ ಅರ್ಥವಂತೆ. 1920ರ ದಶಕದ ಮಾತು. ಅವರ ಹೆಸರೂ ಬೆಕ್ಕಿನ ಜಾತಿಗೆ ಹೇಳುವ ಇಂಗ್ಲಿಷ್ ಪದದ ಹಾಗೇ ಕೇಳಿಸುತ್ತದೆ. ಅದಕ್ಕೆ ಸರಿಯಾಗಿ ಪ್ರತಿ ಮನೆಯ ಮುಂದೆಯೂ ಒಂದು ಕರಿ ಬೆಕ್ಕು ಇರುತ್ತದೆ. ಅದರ ಹೆಸರು ಕ್ಯಾಸ್ಪರ್. ಒಂದು ಕಡೆ ಬೇಲಿಯ ಪಕ್ಕ, ಇನ್ನೊಂದು ಕಡೆ ಮೆಟ್ಟಿಲ ಮೇಲೆ, ಮತ್ತೊಂದರಲ್ಲಿ ಕಿಟಕಿಯಲ್ಲಿ. ಮೊಮ್ಮಗ ಪ್ರತಿ ಮನೆಯನ್ನೂ ಕಣ್ಣಿಗೆ ಹತ್ತಿರ ಹಿಡಿದು, "ಅಜ್ಜ, ಬೆಕ್ಕು ಸಿಕ್ತು" ಅಂತ ಕೂಗಿದ ಮೇಲೇ ಅದು ನಮ್ಮ ಕಪಾಟಿಗೆ ಏರುವುದು.

ಇನ್ನು ಕೆಲಸದ ವಿಷಯ.

ಗುಲಾಬಿ ಮನೆಯನ್ನೇ ತೆಗೆದುಕೊಳ್ಳಿ. ಅದು ಜಾರ್ಜಿಯಾ ರಾಜ್ಯದ ಸವಾನಾ ಊರಿನ ಓಲ್ಡ್ ಪಿಂಕ್ ಹೌಸ್. ನನ್ನ ಕಣ್ಣಿಗೆ ಅದರಲ್ಲಿ ಕಡಿಮೆ ಅಂದರೂ ನಾಲ್ಕೈದು ಸಲ ಸ್ಕ್ರೀನ್ ಬಿದ್ದಿದೆ. ಮೊದಲು ಗುಲಾಬಿ ನೆಲ, ಆಮೇಲೆ ಕಂಬದ ಬಿಳಿ, ಮಾಡಿನ ಬೂದು, ಗಿಡದ ಹಸಿರು, ಎಲ್ಲಕ್ಕಿಂತ ಕೊನೆಗೆ ಕಪ್ಪು ಗೆರೆ. ಆ ಕಪ್ಪು ಗೆರೆಯೇ ಇಡೀ ಮನೆಯನ್ನು ಹಿಡಿದು ನಿಲ್ಲಿಸುವುದು. ಕಿಟಕಿಯ ಅಡ್ಡಪಟ್ಟಿಗಳು ತಲೆಕೂದಲಿಗಿಂತ ಸ್ವಲ್ಪವೇ ದಪ್ಪ. ಕಾಗದದ ಮೇಲೆ ಅಂಥ ಗೆರೆ ಎಳೆಯುವುದು ದೊಡ್ಡದಲ್ಲ. ಮರದ ಮೇಲೆ ಕಷ್ಟ. ಮರ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಸ್ವಲ್ಪ ತಗ್ಗಿದ್ದರೂ ಗೆರೆ ತುಂಡಾಗುತ್ತದೆ. ಇಂಕು ಕೊಂಚ ತೆಳುವಾದರೆ ಹರಡಿಕೊಂಡು ಇರುವೆ ಓಡಾಡಿದ ಹಾಗೆ ಆಗುತ್ತದೆ. ನನ್ನ ಹತ್ತಿರ ಒಂದು ಪುಟ್ಟ ಭೂತಗನ್ನಡಿ ಇದೆ, ಸ್ಕ್ರೀನಿನ ದಾರ ನೋಡುವುದಕ್ಕೆ ಅಂತ ತೆಗೆದುಕೊಂಡಿದ್ದು. ಅಂಗಡಿ ಮುಚ್ಚಿದರೂ ಅದನ್ನು ಬಿಟ್ಟಿಲ್ಲ. ಅದನ್ನಿಟ್ಟು ನೋಡಿದೆ. ಹನ್ನೊಂದರಲ್ಲಿ ಎಂಟು ಮನೆಗಳಲ್ಲಿ ಗೆರೆ ಎಲ್ಲೂ ಕಡಿದಿಲ್ಲ. ಎರಡರಲ್ಲಿ ಬಿಳಿ ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ನಮ್ಮ ಮಾತಿನಲ್ಲಿ 'ರಿಜಿಸ್ಟ್ರೇಷನ್ ಔಟ್'. ಒಂದರಲ್ಲಿ ಬಾಗಿಲಿನ ಕೆಂಪು ಚೌಕಟ್ಟಿನಿಂದ ಹೊರಗೆ ಬಂದಿದೆ. ಸಾವಿರ ಸಾವಿರ ತುಂಡು ಹೊಡೆಯುವಾಗ ಇಷ್ಟು ತಪ್ಪು ಬರದೆ ಇರುವುದಿಲ್ಲ. ಇದನ್ನು ಮಾಡಿದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಗೊಂಬೆಮನೆಯನ್ನು ಅಳೆಯಬೇಕಾದರೆ ನಿಜವಾದ ಮನೆ ನೋಡಬೇಕು, ಅಲ್ವಾ? ಆ ಅವಕಾಶ ಡಿಸೆಂಬರಿನಲ್ಲಿ ಬಂತು. ಮೊಮ್ಮಗನಿಗೆ ರಜೆ. ಅಳಿಯ, "ಮಾವ, ಈ ಸಲ ದಕ್ಷಿಣಕ್ಕೆ ಹೋಗೋಣ, ಅಲ್ಲಿ ಚಳಿ ಕಡಿಮೆ" ಅಂದರು. ನಾನು ಸವಾನಾ ಅಂದೆ. ಯಾಕೆ ಅಂತ ಎಲ್ಲರಿಗೂ ಗೊತ್ತಿತ್ತು.

ಸವಾನಾ ಊರು ಚೌಕಗಳ ಊರು. ನಾಲ್ಕು ಬೀದಿ ನಡೆದರೆ ಒಂದು ಚೌಕ, ಅದರ ತುಂಬ ದೊಡ್ಡ ಓಕ್ ಮರಗಳು, ಕೊಂಬೆಗಳಿಂದ ಜಟೆಯ ಹಾಗೆ ಇಳಿಬಿದ್ದ ಬೂದು ಬಣ್ಣದ ಪಾಚಿ. ರೆನಾಲ್ಡ್ಸ್ ಚೌಕದ ಪಕ್ಕದಲ್ಲಿ ಆ ಗುಲಾಬಿ ಮನೆ. 1700ರ ದಶಕದಲ್ಲಿ ಜೇಮ್ಸ್ ಹ್ಯಾಬರ್‌ಶ್ಯಾಮ್ ಜೂನಿಯರ್ ಅನ್ನುವವರಿಗಾಗಿ ಕಟ್ಟಿದ್ದು. ಮುಂದೆ ಅದು ಬ್ಯಾಂಕ್ ಆಯಿತು, ಈಗ ಹೋಟೆಲು. ಅಲ್ಲಿ ಕೇಳಿದ ಒಂದು ಕತೆ ನನ್ನ ಮನಸ್ಸಿಗೆ ಹಿಡಿಯಿತು. ಈ ಮನೆಯನ್ನು ಯಾರೂ ಗುಲಾಬಿ ಮಾಡಬೇಕು ಅಂತ ಹೊರಟಿರಲಿಲ್ಲವಂತೆ. ಒಳಗೆ ಕೆಂಪು ಇಟ್ಟಿಗೆ, ಮೇಲೆ ಬಿಳಿ ಗಾರೆ. ಇಟ್ಟಿಗೆಯ ಕೆಂಪು ಗಾರೆಯೊಳಗಿಂದ ಮೇಲೆ ಬರುತ್ತಿತ್ತು. ಎಷ್ಟು ಸಲ ಬಿಳಿ ಬಳಿದರೂ ಮತ್ತೆ ಗುಲಾಬಿ. ಕೊನೆಗೆ ಸೋತು ಗುಲಾಬಿಯನ್ನೇ ಬಳಿದರು.

ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕೆಂಪು ಚೀಲದ ಮೇಲೆ ಬಿಳಿ ಹೊಡೆದರೆ ಮಾರನೆಯ ದಿನ ಬಿಳಿ ಗುಲಾಬಿಯಾಗಿರುತ್ತದೆ. ಬಟ್ಟೆಯ ಬಣ್ಣ ಮೇಲೆ ಏರುತ್ತದೆ. ಒಂದು ಸಲ ಒಂದು ಸೀರೆ ಅಂಗಡಿಯ 500 ಚೀಲ ಹಾಗೇ ಆಗಿ, ಪೂರ್ತಿ ಆರ್ಡರನ್ನು ಮತ್ತೆ ಮಾಡಿಕೊಟ್ಟಿದ್ದೆ. ಆ ಗೋಡೆಯ ಮುಂದೆ ನಿಂತಾಗ ಅದೇ ನೆನಪಾಯಿತು.

ಜೇಬಿನಿಂದ ಮರದ ಮನೆ ತೆಗೆದು ನಿಜವಾದ ಮನೆಯ ಪಕ್ಕದಲ್ಲಿ ಹಿಡಿದೆ. ಕಂಬ ಸರಿ. ಮೆಟ್ಟಿಲು ಸರಿ. ಮೂಲೆಯ ಬಿಳಿ ಕಲ್ಲಿನ ಪಟ್ಟಿಗಳೂ ಇವೆ. ಬಣ್ಣ ಮಾತ್ರ ಒಂದು ಪಟ್ಟು ಜಾಸ್ತಿ. ನಿಜವಾದ ಗೋಡೆ ಮಾಸಿದ ಗುಲಾಬಿ, ಹೊತ್ತು ಏರಿದ ಹಾಗೆ ಬದಲಾಗುತ್ತದೆ. ಬೆಳಗ್ಗೆ ನೋಡಿದಾಗ ಬಿಳಿ ಬೆರೆತಂತೆ ಇತ್ತು, ಸಂಜೆ ಇಟ್ಟಿಗೆಯ ಕಡೆ ವಾಲಿತ್ತು. ಒಂದೇ ಇಂಕಿನಲ್ಲಿ ಅದನ್ನು ತರುವುದು ಆಗದ ಮಾತು. ಇದನ್ನು ತಪ್ಪು ಅನ್ನುವುದಿಲ್ಲ. ಆದರೆ ಅಂಚಿನಲ್ಲಿ ಇನ್ನೊಂದು ತೆಳು ಬಣ್ಣ ಹೊಡೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಅಲ್ಲೇ ನಿಂತು ಯೋಚಿಸಿದೆ.

ಅದೇ ಸವಾನಾ ಸಾಲಿನ (ಒಂದೇ ಊರಿನ ಮನೆಗಳ ಸೆಟ್ಟಿನ) ಇನ್ನೊಂದು ನನ್ನ ಹತ್ತಿರ ಇದೆ, ಆಂಡ್ರೂ ಲೋ ಮನೆ. ಲಾಫಯೆಟ್ ಚೌಕದಲ್ಲಿದೆ, 1848ರ ಸುಮಾರಿಗೆ ಕಟ್ಟಿದ್ದು. ಆ ಮನೆಯ ಸೊಸೆ ಜೂಲಿಯೆಟ್ ಗಾರ್ಡನ್ ಲೋ 1912ರಲ್ಲಿ ಹುಡುಗಿಯರ ಸ್ಕೌಟ್ ಶುರು ಮಾಡಿದವರು. ನಮ್ಮ ಮೊಮ್ಮಗನ ಶಾಲೆಯ ಹುಡುಗಿಯರು ಪ್ರತಿ ಚಳಿಗಾಲ ಬಿಸ್ಕತ್ ಪೊಟ್ಟಣ ಮಾರಿಕೊಂಡು ಬಾಗಿಲಿಗೆ ಬರುತ್ತಾರಲ್ಲ, ಅದರ ಬೇರು ಈ ಮನೆಯಲ್ಲಿದೆ. ಬಾಲ್ಕನಿಯ ಕಬ್ಬಿಣದ ಜಾಲರಿಯನ್ನು ಕಪ್ಪು ಗೆರೆಯಲ್ಲಿ ಎಷ್ಟು ನಾಜೂಕಾಗಿ ಹಿಡಿದಿದ್ದಾರೆ ಅಂದರೆ, ನಾನು ಅದನ್ನು ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಆಂಡ್ರೂ ಲೋ ಹತ್ತಿ ವ್ಯಾಪಾರಿ. ಆ ಕಾಲದ ಹತ್ತಿಯನ್ನು ಬೆಳೆದವರು, ಬಿಡಿಸಿದವರು ಗುಲಾಮರು. ಈ ಊರುಗಳ ಚಂದದ ಮನೆಗಳ ಹಿಂದೆ ಅವರ ದುಡಿಮೆ ಇದೆ. ಮರದ ಮನೆಯ ಮೇಲೆ ಮನೆಯ ಹೆಸರಿದೆ, ಗುಲಾಬಿ ಗಿಡ ಇದೆ, ಬೆಕ್ಕಿದೆ. ಆ ಜನರ ಸುಳಿವಿಲ್ಲ. ನೆನಪಿಗೆ ಅಂತ ಮಾಡುವ ಸಾಮಾನಿನಲ್ಲಿ ಇದು ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಸವಾನಾದಿಂದ ಎರಡು ಗಂಟೆ ದಾರಿಯ ಚಾರ್ಲ್‌ಸ್ಟನ್‌ನಲ್ಲಿ ಗುಲಾಮರನ್ನು ಹರಾಜು ಹಾಕುತ್ತಿದ್ದ ಜಾಗ ಈಗ ಮ್ಯೂಸಿಯಂ ಆಗಿದೆ. ಚಾಮರ್ಸ್ ಬೀದಿಯಲ್ಲಿದೆ. ಮೊದಲು ಅಲ್ಲಿಗೆ ಹೋದೆವು. ನಮ್ಮ ಮನೆಯವರು ಹೊರಗೆ ಬಂದು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ರೇನ್‌ಬೋ ರೋ ನೋಡಿದೆವು. ಆ ಊರಿಗೆ ಹೋಗುವವರಿಗೆ ನಾನು ಇದೇ ಕ್ರಮದಲ್ಲಿ ನೋಡಿ ಅಂತ ಹೇಳುತ್ತೇನೆ.

ರೇನ್‌ಬೋ ರೋ ಅಂದರೆ ಕಾಮನಬಿಲ್ಲಿನ ಸಾಲು. ಈಸ್ಟ್ ಬೇ ಬೀದಿಯಲ್ಲಿ ಒಂದಕ್ಕೊಂದು ಅಂಟಿಕೊಂಡ 13 ಮನೆಗಳು. ಹಿಂದಿನ ಕಾಲದಲ್ಲಿ ಕೆಳಗೆ ಅಂಗಡಿ, ಮೇಲೆ ವ್ಯಾಪಾರಿಯ ಮನೆ. ದಾವಣಗೆರೆಯ ಹಳೇ ಪೇಟೆಯಲ್ಲಿ ಬೆಳೆದ ನನಗೆ ಅದು ಹೊಸದಲ್ಲ. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಈ ಸಾಲು ಹಾಳು ಬಿದ್ದಿತ್ತು. 1920ರ ದಶಕದಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಅನ್ನುವ ಮಹಿಳೆ, ಕೆಡವಿಬಿಡುತ್ತಾರೆ ಅನ್ನುವ ಭಯಕ್ಕೆ ಇದರಲ್ಲಿ ಆರು ಮನೆ ಕೊಂಡರು. ರಿಪೇರಿ ಮಾಡಿಸಲು ದುಡ್ಡು ಸಾಕಾಗಲಿಲ್ಲ. 1931ರಲ್ಲಿ ಡೊರೊತಿ ಲೆಗ್ ಮತ್ತು ಅವರ ಗಂಡ 99–101 ನಂಬರಿನ ಮನೆ ಕೊಂಡು ಗುಲಾಬಿ ಬಣ್ಣ ಬಳಿಸಿದರು. ಅಕ್ಕಪಕ್ಕದವರೂ ಒಬ್ಬೊಬ್ಬರೇ ಹಳದಿ, ಹಸಿರು, ನೀಲಿ ಅಂತ ಶುರು ಮಾಡಿದರು. ಕುಡಿದು ಬಂದ ನಾವಿಕರಿಗೆ ತಮ್ಮ ಮನೆ ಗುರುತು ಸಿಗಲಿ ಅಂತ ಬಣ್ಣ ಹಚ್ಚಿದರು ಅನ್ನುವ ಕತೆ ಅಲ್ಲಿ ಬಾಯಿಂದ ಬಾಯಿಗೆ ಓಡಾಡುತ್ತದೆ. ಅದು ಕಟ್ಟುಕತೆ. ಬಣ್ಣ ಬಂದಿದ್ದೇ 1930ರ ಆಚೆಗೆ.

ಈ ಸಾಲಿಗೆ ಕ್ಯಾಟ್ಸ್ ಮಿಯಾವ್ ಬೇಡ, ಇನ್ನೊಂದು ಕಂಪನಿಯ ಮನೆಗಳನ್ನು ನೋಡಿ. ಅದು ಶೀಲಾಸ್ ಕಲೆಕ್ಟಿಬಲ್ಸ್. ಚಾರ್ಲ್‌ಸ್ಟನ್ ಊರಿನದೇ ಕಂಪನಿ, ಶೀಲಾ ಥಾಂಪ್ಸನ್ ಅನ್ನುವವರು ಕಟ್ಟಿದ್ದು. ನಮ್ಮ ಕಡೆಯ ಹೆಸರೇ ಇದ್ದ ಹಾಗಿದೆ ಅಂತ ನಮ್ಮ ಮನೆಯವರಿಗೆ ಖುಷಿ. ಅವರ ಮನೆಗಳೂ ಮರ, ಅವೂ ಪ್ರಿಂಟ್. ಆದರೆ ಒಂದೇ ಹಲಗೆಯಲ್ಲ. ಹಿಂದೆ ಗೋಡೆ, ಅದರ ಮುಂದೆ ತೆಳು ಮರದ ಇನ್ನೊಂದು ಪದರ: ಬಾಲ್ಕನಿ, ಮೆಟ್ಟಿಲು, ಮುಂಚಾಚಿದ ಚಾವಣಿ. ಒಂದರ ಮೇಲೊಂದು ಅಂಟಿಸಿರುವುದರಿಂದ ದೀಪ ಹಚ್ಚಿದರೆ ಬಾಲ್ಕನಿಯ ನೆರಳು ಗೋಡೆಯ ಮೇಲೆ ಬೀಳುತ್ತದೆ. ಹಿಂದೆ ಆ ಮನೆಯ ಇತಿಹಾಸ ನಾಲ್ಕು ಸಾಲಿನಲ್ಲಿ ಬರೆದಿರುತ್ತದೆ. ರೇನ್‌ಬೋ ರೋ ಮನೆಗಳನ್ನು ಒಂದಕ್ಕೊಂದು ಒತ್ತಿ ಇಟ್ಟರೆ ನಿಜವಾದ ಬೀದಿಯ ಹಾಗೇ ಕಾಣುತ್ತದೆ. ನನ್ನ ಹತ್ತಿರ ನಾಲ್ಕಿವೆ. ಅಲ್ಲಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಒಂದಕ್ಕೆ 9 ಡಾಲರ್ ಕೊಟ್ಟೆ.

ಚಾರ್ಲ್‌ಸ್ಟನ್ ನೋಡಿದ ಮೇಲೆ ನನಗೆ ಚಪ್ಪಟೆ ಮನೆಯ ದೊಡ್ಡ ತೊಡಕು ಏನು ಅಂತ ಗೊತ್ತಾಯಿತು. ಆ ಊರಿನಲ್ಲಿ 'ಸಿಂಗಲ್ ಹೌಸ್' ಅಂತ ಒಂದು ಬಗೆಯ ಮನೆ ಇದೆ. ಅಗಲಕ್ಕೆ ಒಂದೇ ಕೋಣೆ. ಬೀದಿಗೆ ಬೆನ್ನಲ್ಲ, ಮುಖವೂ ಅಲ್ಲ, ಭುಜ ಕೊಟ್ಟು ನಿಂತ ಹಾಗೆ ಇರುತ್ತದೆ. ಬೀದಿ ಬಾಗಿಲು ತೆಗೆದರೆ ಮನೆಯೊಳಗೆ ಹೋಗುವುದಿಲ್ಲ, ಪಕ್ಕದ ಉದ್ದನೆಯ ಜಗಲಿಗೆ ಹೋಗುತ್ತೀರಿ. ಅದನ್ನು ಅವರು ಪಿಯಾಝಾ ಅನ್ನುತ್ತಾರೆ. ಸೆಖೆಗಾಲದಲ್ಲಿ ಸಮುದ್ರದ ಗಾಳಿ ಅಲ್ಲಿಂದ ಒಳಗೆ ಬರಲಿ ಅಂತ. ಆ ಮನೆಯ ಜೀವವೇ ಪಕ್ಕದಲ್ಲಿದೆ. ಅದನ್ನು ಮುಕ್ಕಾಲು ಇಂಚಿನ ಹಲಗೆಯ ಮೇಲೆ ಎದುರಿನಿಂದ ಪ್ರಿಂಟ್ ಮಾಡಿದರೆ ಒಂದು ಬಾಗಿಲು, ನಾಲ್ಕು ಕಿಟಕಿ ಅಷ್ಟೇ ಕಾಣುತ್ತದೆ. ಅಂಥ ಮನೆಗಳನ್ನು ಚಪ್ಪಟೆ ರೂಪದಲ್ಲಿ ಕೊಳ್ಳಲೇಬೇಡಿ. ದುಡ್ಡು ದಂಡ.

ಇನ್ನೊಂದು ಸಣ್ಣ ವಿಷಯ. ಅಲ್ಲಿನ ಹಳೆ ಗೋಡೆಗಳ ಮೇಲೆ ತಟ್ಟೆಯಂಥ ದುಂಡನೆಯ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ. ಮೊದಲು ಅಲಂಕಾರ ಅಂದುಕೊಂಡೆ. 1886ರಲ್ಲಿ ದೊಡ್ಡ ಭೂಕಂಪ ಆದಾಗ ಗೋಡೆಗಳು ಹೊರಕ್ಕೆ ವಾಲಿದವಂತೆ. ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಸರಳು ತೂರಿಸಿ, ಎರಡು ತುದಿಗೂ ಬಿಲ್ಲೆ ಹಾಕಿ ಬಿಗಿ ಮಾಡಿದರು. ಅದರ ತಲೆಯೇ ಈ ಬಿಲ್ಲೆ. ನನ್ನ ನಾಲ್ಕು ಶೀಲಾ ಮನೆಗಳನ್ನೂ ಭೂತಗನ್ನಡಿ ಹಿಡಿದು ಹುಡುಕಿದೆ. ಎಲ್ಲೂ ಇಲ್ಲ. ಒಂದು ಕಪ್ಪು ಚುಕ್ಕೆ ಇಟ್ಟಿದ್ದರೆ ಸಾಕಿತ್ತು. ಸ್ಕ್ರೀನಿನಲ್ಲಿ ಒಂದು ಚುಕ್ಕೆಗೆ ಒಂದು ಪೈಸೆ ಖರ್ಚಿಲ್ಲ.

ನಿಜವಾದ ಮನೆಯನ್ನು ನಾನು ಇನ್ನೂ ನೋಡದೆ ಇದ್ದರೂ ಕೈಬಿಡಲಾರದ ಮರದ ಮನೆ ಅಂದರೆ ಮರಿಯಾ ಮಿಚೆಲ್ ಮನೆ. ಮ್ಯಾಸಚೂಸೆಟ್ಸ್ ತೀರದಾಚೆ ನಾಂಟಕೆಟ್ ಅನ್ನುವ ದ್ವೀಪದಲ್ಲಿದೆ. 1790ರ ಮನೆ. ಬೂದು ಮರದ ಚಕ್ಕೆ ಹೊದಿಸಿದ ಗೋಡೆ, ಮಾಡಿನ ಮೇಲೆ ಹತ್ತಿ ನಿಲ್ಲಲು ಒಂದು ಪುಟ್ಟ ಅಟ್ಟಣೆ. 1818ರಲ್ಲಿ ಮರಿಯಾ ಹುಟ್ಟಿದ್ದು ಅಲ್ಲಿ. ಅಪ್ಪನಿಗೆ ನಕ್ಷತ್ರ ನೋಡುವ ಗೀಳು, ಮಗಳಿಗೂ ಕಲಿಸಿದರು. ಮುಂದೆ ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು. 1847ರ ಅಕ್ಟೋಬರ್ 1ರ ರಾತ್ರಿ ಆ ಬ್ಯಾಂಕಿನ ಮಾಡಿನ ಮೇಲೆ ದುರ್ಬೀನು ಇಟ್ಟು ನೋಡುತ್ತಿದ್ದಾಗ ಮರಿಯಾಗೆ ಅಲ್ಲಿಯವರೆಗೆ ಯಾರೂ ಗುರುತಿಸದ ಧೂಮಕೇತು ಕಂಡಿತು. ಡೆನ್ಮಾರ್ಕಿನ ರಾಜ ಚಿನ್ನದ ಪದಕ ಕೊಟ್ಟರು. ಆಮೇಲೆ ವಾಸರ್ ಕಾಲೇಜಿನಲ್ಲಿ ಖಗೋಳಶಾಸ್ತ್ರದ ಪ್ರೊಫೆಸರ್ ಆದರು.

ಇದಕ್ಕಿಂತ ಚೆಂದ ಏನು ಅಂದರೆ, ಅದೇ ನಾಂಟಕೆಟ್ ಸಾಲಿನಲ್ಲಿ ನಾಂಟಕೆಟ್ ಅಥೀನಿಯಂ ಅಂತ ಊರಿನ ಗ್ರಂಥಾಲಯವೂ ಇದೆ. ಆ ಗ್ರಂಥಾಲಯದ ಮೊದಲ ಲೈಬ್ರೇರಿಯನ್ ಇದೇ ಮರಿಯಾ. 1846ರಲ್ಲಿ ಊರಿಗೇ ಬೆಂಕಿ ಬಿದ್ದಾಗ ಆ ಕಟ್ಟಡ ಸುಟ್ಟುಹೋಯಿತು. ಮುಂದಿನ ವರ್ಷವೇ ಮತ್ತೆ ಕಟ್ಟಿದರು. ಈಗ ನನ್ನ ಕಪಾಟಿನಲ್ಲಿ ಅವರು ಹುಟ್ಟಿದ ಮನೆ ಮತ್ತು ಅವರು ಕೆಲಸ ಮಾಡಿದ ಕಟ್ಟಡ ಅಕ್ಕಪಕ್ಕ ನಿಂತಿವೆ. ಮೊಮ್ಮಗನಿಗೆ ಈ ಎರಡನ್ನೂ ತೋರಿಸಿ ಆ ರಾತ್ರಿಯ ಕತೆ ಹೇಳಿದೆ. ಅವನು ಒಂದು ಬಿಳಿ ದಾರದ ತುಂಡಿಗೆ ಹತ್ತಿ ಅಂಟಿಸಿ ಧೂಮಕೇತು ಮಾಡಿ ಮೇಲಿನ ಹಲಗೆಗೆ ನೇತುಹಾಕಿದ್ದಾನೆ. ಇನ್ನೂ ಅಲ್ಲೇ ಇದೆ.

ಈ ಜೋಡಿಸುವಿಕೆಯೇ ಕ್ಯಾಟ್ಸ್ ಮಿಯಾವ್ ಮನೆಗಳ ನಿಜವಾದ ಬಲ. ಇಲ್ಲಿ ದೀಪ ಉರಿಯುವ ಪಿಂಗಾಣಿ ಮನೆಗಳೂ ಸಿಗುತ್ತವೆ. ಡಿಪಾರ್ಟ್‌ಮೆಂಟ್ 56 ಅನ್ನುವ ಕಂಪನಿಯದು ಹೆಸರುವಾಸಿ, 1976ರಿಂದ ಬರುತ್ತಿವೆ. ಕ್ರಿಸ್‌ಮಸ್ ಹೊತ್ತಿಗೆ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಹೆಚ್ಚಿನವು ಕಲ್ಪನೆಯ ಮನೆಗಳು. ಹುಡುಕಿಕೊಂಡು ಹೋಗಲು ಬೀದಿ ಇಲ್ಲ, ನಂಬರಿಲ್ಲ. ಪ್ಲಾಸ್ಟಿಕ್ ತುಂಡು ಜೋಡಿಸುವ ಆಟಿಕೆಯ ಲೆಗೋದವರು, ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಮನೆಗಳನ್ನು ಮಾಡಿದ್ದಾರೆ. ಜಲಪಾತದ ಮೇಲಿನ ಫಾಲಿಂಗ್‌ವಾಟರ್ 811 ತುಂಡು, ಶಿಕಾಗೋದ ರೋಬಿ ಹೌಸ್ 2276 ತುಂಡು. ಮೊಮ್ಮಗನ ಜೊತೆ ಕೂತು ಫಾಲಿಂಗ್‌ವಾಟರ್ ಜೋಡಿಸಿದೆ. ಕಟ್ಟಡ ಹೇಗೆ ನಿಂತಿದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬೆಲೆ ಎಲ್ಲಿ, 2 ಡಾಲರಿನ ಮನೆ ಎಲ್ಲಿ!

ಓಹಾಯೋದ ಕ್ಯಾಟ್ಸ್ ಮಿಯಾವ್ ಕಂಪನಿಯವರು ಓಹಾಯೋವನ್ನು ಮರೆತಿಲ್ಲ ಅನ್ನುವುದೂ ನನಗೆ ಇಷ್ಟ. ಅವರ ಸಾಲಿನಲ್ಲಿ ಒಂದು ಮೇಲ್ ಪೌಚ್ ಕೊಟ್ಟಿಗೆ ಇದೆ. ಮೇಲ್ ಪೌಚ್ ಅನ್ನುವುದು ಜಗಿಯುವ ತಂಬಾಕು. ರಸ್ತೆ ಬದಿಯ ರೈತರ ಕೊಟ್ಟಿಗೆ ಗೋಡೆಗಳ ಮೇಲೆ ಅದರ ಜಾಹೀರಾತನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದರು. ಓಹಾಯೋದ ಹಾರ್ಲಿ ವಾರಿಕ್ ಅನ್ನುವ ಪೇಂಟರ್ ತಮ್ಮ ಜೀವಮಾನದಲ್ಲಿ ಇಂಥ ಸುಮಾರು 20,000 ಕೊಟ್ಟಿಗೆಗಳಿಗೆ ಬರೆದರು. ಅಕ್ಷರ ಕತ್ತರಿಸಿದ ಅಚ್ಚಿಲ್ಲ, ಬರೀ ಕಣ್ಣಳತೆ. 2000ದಲ್ಲಿ ತೀರಿಕೊಂಡರು. ನಾನು ಆ ಪುಟ್ಟ ಕೊಟ್ಟಿಗೆಯನ್ನು ಕೈಗೆ ತೆಗೆದುಕೊಂಡಾಗೆಲ್ಲ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಕ್ಷರ ಬರೆಯುವವರ ಕಷ್ಟ ಅಕ್ಷರ ಬರೆಯುವವರಿಗೇ ಗೊತ್ತು.

ಕೊಳ್ಳುವವರಿಗೆ ಒಂದೆರಡು ಮಾತು. ಕಂಪನಿ ಒಂದು ಮನೆಯನ್ನು ಕೆಲವು ವರ್ಷ ಮಾರಿ ನಿಲ್ಲಿಸಿಬಿಡುತ್ತಿತ್ತು. ಅದಕ್ಕೆ 'ರಿಟೈರ್ಡ್' ಅನ್ನುತ್ತಾರೆ. ಆನ್‌ಲೈನಿನಲ್ಲಿ ಆ ಒಂದು ಪದ ಹಾಕಿ 40 ಡಾಲರ್ ಕೇಳುವವರಿದ್ದಾರೆ. ಕೊಡಬೇಡಿ. ಹಳೆಯ ಮನೆಗಳೆಲ್ಲ ರಿಟೈರ್ಡೇ. ಅದೇ ಮನೆ ಮುಂದಿನ ಶನಿವಾರ ಯಾರದೋ ಗ್ಯಾರೇಜ್ ಸೇಲಿನಲ್ಲಿ 1 ಡಾಲರಿಗೆ ಇರುತ್ತದೆ. ಮುಂದೆ ಬೆಲೆ ಏರುತ್ತದೆ ಅಂತ ಕೂಡಿಡುವ ವಸ್ತು ಇದಲ್ಲ. ಕೊಳ್ಳುವಾಗ ಮೊದಲು ಚಿಮಣಿಯ ತುದಿ ನೋಡಿ. ಕೆಳಗೆ ಬಿದ್ದ ಮನೆ ಮೊದಲು ಮುರಿದುಕೊಳ್ಳುವುದು ಅದನ್ನೇ. ಆಮೇಲೆ ಕೆಂಪು ಬಣ್ಣ ನೋಡಿ. ಬಿಸಿಲು ಬೀಳುವ ಕಿಟಕಿಯಲ್ಲಿ ವರ್ಷಗಟ್ಟಲೆ ಕೂತಿದ್ದರೆ ಕೆಂಪು ಮೊದಲು ಹೋಗುತ್ತದೆ, ಕಪ್ಪು ಕೊನೆಗೆ. ಹಿಂದೆ ತಿರುಗಿಸಿದರೆ ಮನೆಯ ಹೆಸರು ಸಿಗುತ್ತದೆ. ಹೆಸರಿಲ್ಲದಿದ್ದರೆ ಅದು ಬೇರೆ ಯಾರದೋ ನಕಲು ಇರಬಹುದು.

ಅಳತೆಯ ಬಗ್ಗೆ ಒಂದು ದೂರು ಇದೆ. ಮೂರಂತಸ್ತಿನ ಬಂಗಲೆ, ಒಂದಂತಸ್ತಿನ ಗುಡಿಸಲು ಎರಡೂ ಹೆಚ್ಚು ಕಡಿಮೆ ಒಂದೇ ಎತ್ತರ. ಪಕ್ಕಪಕ್ಕ ಇಟ್ಟರೆ ಬಾಗಿಲುಗಳು ಹೊಂದುವುದಿಲ್ಲ. ನಾನು ಬಂಗಲೆಗಳನ್ನು ಮುಂದೆ, ಸಣ್ಣ ಮನೆಗಳನ್ನು ಹಿಂದಿನ ಮೆಟ್ಟಿಲಿನಲ್ಲಿ ಇಟ್ಟು ನೋಡಿದೆ. ದೂರದಲ್ಲಿರುವ ಹಾಗೆ ಕಂಡರೂ ಪೂರ್ತಿ ಸರಿಹೋಗಲಿಲ್ಲ.

ಆನ್‌ಲೈನಿನಲ್ಲಿ ಒಂದು ಸಲ ಕೈ ಸುಟ್ಟುಕೊಂಡೆ. ಆರು ಮನೆಗಳ ಒಂದು ಕಂತೆ ತರಿಸಿದೆ. ಮಾರಿದವರು ಒಂದೊಂದನ್ನೂ ಹಳೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಒತ್ತೊತ್ತಾಗಿ ತುಂಬಿ, ಟೇಪು ಬಿಗಿದಿದ್ದರು. ಡಬ್ಬ ಎಲ್ಲೋ ಮಳೆಯಲ್ಲಿ ನೆನೆದಿತ್ತು. ಬಿಚ್ಚಿದರೆ ಪೇಪರು ಬಣ್ಣಕ್ಕೆ ಅಂಟಿಕೊಂಡಿದೆ. ಒಂದು ಮನೆಯ ಗೋಡೆಯ ಮೇಲೆ ದಿನಸಿ ಅಂಗಡಿಯ ಜಾಹೀರಾತು ಉಲ್ಟಾ ಮೂಡಿದೆ. ಅಳಿಯ ನೇಲ್ ಪಾಲಿಶ್ ತೆಗೆಯುವ ದ್ರಾವಣ ತಂದರು. ನಾನು ಕೈ ಅಡ್ಡ ಇಟ್ಟೆ. ಅದು ತಗಲಿದರೆ ಪೇಪರಿನ ಜೊತೆ ಮನೆಯೂ ಹೋಗುತ್ತದೆ. ಹತ್ತಿ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಪೇಪರಿನ ಮೇಲೆ ಹತ್ತು ನಿಮಿಷ ಹೊದಿಸಿದೆ. ಆಮೇಲೆ ಬೆರಳ ತುದಿಯಲ್ಲಿ ಉರುಳಿಸಿ ಉರುಳಿಸಿ ತೆಗೆದೆ. ಎರಡು ಸಂಜೆ ಬೇಕಾಯಿತು. ಐದು ಉಳಿದವು. ಒಂದರ ಮಾಡು ಹೋಯಿತು. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಬರಲಿಲ್ಲ. ಅದಕ್ಕೇ ಹೇಳುತ್ತೇನೆ, ಈ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ತರಿಸಲೇಬೇಕು ಅಂದರೆ ಮೆತ್ತನೆಯ ಬಿಳಿ ಕಾಗದದಲ್ಲಿ ಸುತ್ತಿ ಕಳಿಸಿ ಅಂತ ಮೊದಲೇ ಬರೆಯಿರಿ.

ಮುಂದಿನ ತಿಂಗಳು ನಾವು ಊರಿಗೆ ಹೊರಡುತ್ತೇವೆ. ಒಟ್ಟು 23 ಮನೆಗಳಾಗಿವೆ. ನಮ್ಮ ಮನೆಯವರು ಲಗೇಜಿನಲ್ಲಿ ಎರಡು ಕೆಜಿ ಬಿಟ್ಟುಕೊಟ್ಟಿದ್ದಾರೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ ಎಂಟನ್ನು ಆರಿಸಿದ್ದೇನೆ. ಗುಲಾಬಿ ಮನೆ, ಆಂಡ್ರೂ ಲೋ ಮನೆ, ತಂಬಾಕಿನ ಕೊಟ್ಟಿಗೆ, ನಾಲ್ಕು ಶೀಲಾ ಮನೆಗಳು, ಮತ್ತೆ ಗೆರೆ ಒಂದೂ ಕಡಿಯದ ಒಂದು ಪೋಸ್ಟ್ ಆಫೀಸು. ಅದನ್ನು ನನ್ನ ಹಳೆ ಅಂಗಡಿಯ ಹುಡುಗನಿಗೆ ತೋರಿಸಬೇಕು. ಈಗ ಅವನದೇ ಯೂನಿಟ್ ಇದೆ. ಮರಿಯಾ ಮಿಚೆಲ್ ಮನೆ ಮತ್ತು ಗ್ರಂಥಾಲಯ ಇಲ್ಲೇ ಇರಲಿ, ಅವು ಮೊಮ್ಮಗನವು.

ನಾಂಟಕೆಟ್ ಸಾಲಿನಲ್ಲಿ ಜ್ಯಾರೆಡ್ ಕಾಫಿನ್ ಹೌಸ್ ಅಂತ ಇನ್ನೊಂದಿದೆ. 1845ರ ಮೂರಂತಸ್ತಿನ ಇಟ್ಟಿಗೆ ಮನೆ. 1846ರ ಬೆಂಕಿಯಲ್ಲಿ ಉಳಿದುಕೊಂಡಿದ್ದು. ಮಗು ಅದನ್ನು ಗ್ರಂಥಾಲಯದ ಪಕ್ಕ ಇಡಲು ಜಾಗ ಬಿಟ್ಟಿದ್ದಾನೆ. ಎಂಟು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಓಹಾಯೋ, ಪೆನ್ಸಿಲ್ವೇನಿಯಾ ಕಡೆ ಇರುವ ಕನ್ನಡದವರು ಯಾರಾದರೂ ಎಸ್ಟೇಟ್ ಸೇಲಿನಲ್ಲಿ ಕಂಡರೆ ದಯವಿಟ್ಟು ಇಲ್ಲಿ ಕೆಳಗೆ ತಿಳಿಸಿ. ಚಿಮಣಿ ಮುರಿದಿದ್ದರೂ ಪರವಾಗಿಲ್ಲ, ನಾನು ಮರ ಅಂಟಿಸಿ ಬಣ್ಣ ಹಚ್ಚಿಕೊಡುತ್ತೇನೆ. ಬೆಕ್ಕು ಮಾತ್ರ ಅಳಿಸಿರಬಾರದು.